ವೈ ನದಿಯಲ್ಲಿ ರಾಗಿ ಉಂಡೆ ನಿಲ್ಲುತ್ತಿಲ್ಲ, ಗೊತ್ತಿದ್ದವರು ಹೇಳಿ

ಮಳೆಕೋಟು:

ಮೊದಲೇ ಹೇಳಿಬಿಡುತ್ತೇನೆ, ಇದು ತಮಾಷೆಗೆ ಕೇಳುತ್ತಿರುವುದಲ್ಲ. ಹರಿಯುವ ನೀರಿನಲ್ಲಿ ರಾಗಿ ಉಂಡೆ ಗಾಳದ ಮೇಲೆ ಕಾಲು ಗಂಟೆಯಾದರೂ ನಿಲ್ಲಬೇಕು. ಹೇಗೆ ಮಾಡುವುದು?

ನಾನು ಸಕಲೇಶಪುರದ ಹತ್ತಿರದವನು. ಚಿಕ್ಕವನಿದ್ದಾಗ ಬಿದಿರು ಕೋಲು, ತಂಗೂಸಿ, ಎರೆಹುಳ ಇಟ್ಟುಕೊಂಡು ಹೇಮಾವತಿಯಲ್ಲಿ ಗೆಂಡೆ ಹಿಡಿಯುತ್ತಿದ್ದೆ. ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಮೂರು ವರ್ಷದಿಂದ ಮತ್ತೆ ಗಾಳ ಹಿಡಿದಿದ್ದೇನೆ. ಇಲ್ಲಿ ಇದಕ್ಕೆ ಕೋರ್ಸ್ ಫಿಶಿಂಗ್ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನ್ನ ಹೆಂಡತಿ "ಎಷ್ಟು ತಿಂಗಳ ಕೋರ್ಸು, ಫೀಸ್ ಎಷ್ಟು?" ಎಂದಳು. ಅದಲ್ಲ. ಸಾಲ್ಮನ್, ಟ್ರೌಟ್ ಎರಡೂ ದೊಡ್ಡ ಮನುಷ್ಯರ ಮೀನು. ಉಳಿದ ಹೊಳೆ ಮೀನುಗಳೆಲ್ಲ "ಕೋರ್ಸ್", ಅಂದರೆ ಒರಟು ಜಾತಿ. ಬಾರ್ಬೆಲ್, ಚಬ್, ರೋಚ್, ಡೇಸ್, ಪರ್ಚ್, ಪೈಕ್ ಎಲ್ಲ ಈ ಪಂಕ್ತಿಯಲ್ಲಿ ಕೂರುತ್ತವೆ.

ನಾನು ಹೋಗುವುದು ವೈ ನದಿಗೆ, ಹೆರೆಫರ್ಡ್‌ನಿಂದ ಕೆಳಗೆ. ವೇಲ್ಸ್‌ನ ಬೆಟ್ಟದಲ್ಲಿ ಹುಟ್ಟಿ, ಸುಮಾರು 250 ಕಿ.ಮೀ. ಹರಿದು, ಚೆಪ್‌ಸ್ಟೋ ಹತ್ತಿರ ಸೆವರ್ನ್ ಸೇರುವ ಹೊಳೆ. ಸರಿಯಾಗಿ ಎಲ್ಲಿ ಅಂತ ಮಾತ್ರ ಕೇಳಬೇಡಿ, ಹೇಳುವುದಿಲ್ಲ. ಕಾರು ನಿಲ್ಲಿಸಿ ಎರಡು ಹೊಲ ದಾಟಿ, ಬೇಲಿ ಹತ್ತಿ ಇಳಿದು, ಇಪ್ಪತ್ತು ನಿಮಿಷ ನಡೆಯಬೇಕು. ಹೊಳೆ ಅಲ್ಲಿ ಒಂದು ತಿರುವು ತೆಗೆದುಕೊಳ್ಳುತ್ತದೆ. ಈಚೆ ಮುರಿದು ಬಿದ್ದ ವಿಲೋ ಮರ, ಆಚೆ ದಡದಲ್ಲಿ ಕೆಂಪು ಮೈ, ಬಿಳಿ ಮುಖದ ಹೆರೆಫರ್ಡ್ ದನಗಳು. ಮೊಬೈಲ್ ಸಿಗ್ನಲ್ ಇಲ್ಲ. ಮನುಷ್ಯರ ಸದ್ದೂ ಇಲ್ಲ. ದನ ಹುಲ್ಲು ಕೀಳುವ ಪರ್ ಪರ್ ಸದ್ದು ಈ ದಡಕ್ಕೆ ಕೇಳಿಸುತ್ತದೆ ಅಂದರೆ ಎಷ್ಟು ನಿಶ್ಶಬ್ದ ಅಂತ ಲೆಕ್ಕ ಹಾಕಿ. ದಡದ ತುಂಬ ಗುಲಾಬಿ ಬಣ್ಣದ ಹೂ, ನಮ್ಮ ಕರ್ಣಕುಂಡಲದ ಜಾತಿ. ಕಾಯಿ ಮುಟ್ಟಿದರೆ ಟಪ್ ಅಂತ ಸಿಡಿಯುತ್ತದೆ. 1839ರಲ್ಲಿ ಹಿಮಾಲಯದಿಂದ ತಂದು ತೋಟದಲ್ಲಿ ನೆಟ್ಟರಂತೆ, ಈಗ ಕಿತ್ತು ಮುಗಿಯುತ್ತಿಲ್ಲ.

ಇಲ್ಲಿಯವರು ಬಾರ್ಬೆಲ್‌ಗೆ ಡಬ್ಬಿ ಮಾಂಸದ ತುಂಡು ಹಾಕುತ್ತಾರೆ, ಪೆಲೆಟ್, ಅಂದರೆ ಒಣ ಮೇವಿನ ಗುಳಿಗೆ, ಹಾಕುತ್ತಾರೆ. ಹಿಟ್ಟು ಮೊಟ್ಟೆ ಕಲಸಿ ಬೇಯಿಸಿದ ಗೋಲಿಗಳೂ ಇವೆ, ಅದಕ್ಕೆ ಬಾಯ್ಲಿ ಎಂದು ಹೆಸರು. ಅದನ್ನು ನೋಡಿದಾಗ ನನಗೆ ಅನ್ನಿಸಿದ್ದು, ಕಾವೇರಿಯಲ್ಲಿ ಮಹಶೀರ್‌ಗೆ ಹಾಕುತ್ತಿದ್ದ ರಾಗಿ ಉಂಡೆ ಇದೇ ಅಲ್ವಾ? ಇಂಡಿಯನ್ ಅಂಗಡಿಯಿಂದ ರಾಗಿ ಹಿಟ್ಟು ತಂದು ಮುದ್ದೆ ತೊಳಸಿ ತೆಗೆದುಕೊಂಡು ಹೋದೆ. ಎರಡು ನಿಮಿಷಕ್ಕೆ ಕರಗಿ ಹೋಯಿತು. ಐದು ಸಲ ಹಾಕಿದೆ, ಐದು ಸಲವೂ ಬರೀ ಗಾಳ ಮೇಲೆ ಬಂತು. ಉಳಿದ ಮುದ್ದೆಯನ್ನು ಸಾರಿಲ್ಲದೆ ನಾನೇ ತಿಂದೆ.

ಸಾರುಭಕ್ತ:

ಮೀನು ಸಿಗದೆ, ಮೀನಿಗಿಟ್ಟ ತಿನಿಸನ್ನೇ ತಿಂದು ಬಂದ ಮೊದಲ ಬೇಟೆಗಾರನಿಗೆ ಶರಣು.

ನನ್ನದೂ ಒಂದು ಪ್ರಶ್ನೆ. ಹಿಡಿದ ಮೀನನ್ನು ಸಾರು ಮಾಡುತ್ತೀರೋ, ಹುರಿಯುತ್ತೀರೋ?

ಮಳೆಕೋಟು:

ಎರಡೂ ಇಲ್ಲ. ಬಿಡುತ್ತೇನೆ. ಇಲ್ಲಿ ಬಹುತೇಕ ಎಲ್ಲರೂ ಬಿಡುತ್ತಾರೆ.

ಸಾರುಭಕ್ತ:

ಏನು? ಎರಡು ಹೊಲ ದಾಟಿ, ಬೇಲಿ ಹತ್ತಿ, ದಿನವಿಡೀ ಕೂತು, ಹಿಡಿದು, ಬಿಡುವುದಾ? ನಮ್ಮಪ್ಪ ಬದುಕಿದ್ದಿದ್ದರೆ ನಿಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು.

ಬೆಂಡು ಮುಳುಗಿತು:

ನಾನು ರೆಡಿಂಗ್‌ನಲ್ಲಿದ್ದೇನೆ, ಕೆನೆಟ್ ಹೊಳೆಯಲ್ಲಿ ಹದಿನೈದು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ಸಾರುಭಕ್ತರಿಗೆ ಕಾನೂನು ಹೇಳಿಬಿಡುತ್ತೇನೆ. ತಿನ್ನಲೇಬಾರದು ಅಂತಿಲ್ಲ. ಇಂಗ್ಲೆಂಡಿನ ಹೊಳೆಯಲ್ಲಿ ದಿನಕ್ಕೆ ಒಂದು ಪೈಕ್, ಅದೂ 65 ಸೆಂ.ಮೀ. ಒಳಗಿನದು. ರೋಚ್, ಚಬ್, ಬಾರ್ಬೆಲ್ ಇತ್ಯಾದಿ ಎಲ್ಲ ಸೇರಿ 20 ಸೆಂ.ಮೀ. ಒಳಗಿನ 15 ಚಿಕ್ಕ ಮೀನು. ಹೆಚ್ಚು ಕಡಿಮೆ ಅಷ್ಟೇ. ದೊಡ್ಡದನ್ನು ಮುಟ್ಟುವಂತಿಲ್ಲ. ಅದೇ ಮೊಟ್ಟೆ ಇಟ್ಟು ವಂಶ ಬೆಳೆಸುವುದು. ಜೊತೆಗೆ ಜಾಗದ ಒಡೆಯನೂ ಒಪ್ಪಬೇಕು. ಇಲ್ಲಿ ಮೀನು ಹಿಡಿಯುವ ಹಕ್ಕು ದಡದ ಜಮೀನಿನವನದು. ಅವನು ಕ್ಲಬ್‌ಗೆ ಗುತ್ತಿಗೆ ಕೊಟ್ಟಿರುತ್ತಾನೆ ಅಥವಾ ದಿನದ ಟಿಕೆಟ್ ಮಾರುತ್ತಾನೆ. ಅದಲ್ಲದೆ ಸರಕಾರದ ರಾಡ್ ಲೈಸೆನ್ಸ್ ಬೇರೆ ಬೇಕು. ಒಂದು ದಿನದ್ದು, ಎಂಟು ದಿನದ್ದು, ವರ್ಷದ್ದು ಎಲ್ಲ ಸಿಗುತ್ತದೆ.

ಮಾರ್ಚ್ 15ರಿಂದ ಜೂನ್ 15ರವರೆಗೆ ಹೊಳೆಯಲ್ಲಿ ಕೋರ್ಸ್ ಮೀನಿಗೆ ಗಾಳ ಹಾಕುವಂತೆಯೇ ಇಲ್ಲ. ಅದು ಮೊಟ್ಟೆ ಇಡುವ ಕಾಲ. ಈ ಕಾನೂನು ಬಂದದ್ದು 1878ರಲ್ಲಿ. ಕೆರೆಗಳಿಗೆ, ಕಾಲುವೆಗಳಿಗೆ ಆಮೇಲೆ ಹೆಚ್ಚು ಕಡೆ ಸಡಿಲ ಮಾಡಿದರು. ಹೊಳೆಗೆ ಇನ್ನೂ ಇದೆ. ಜೂನ್ 16 ಅಂದರೆ ಇಲ್ಲಿಯ ಗಾಳದವರಿಗೆ ಹಬ್ಬ. ಹಿಂದಿನ ರಾತ್ರಿಯೇ ದಡದಲ್ಲಿ ಕೂತು, ಹನ್ನೆರಡು ಹೊಡೆಯುವುದನ್ನೇ ಕಾಯುವವರಿದ್ದಾರೆ.

ಮಳೆಕೋಟು, ಉಂಡೆಯನ್ನು ಗಾಳಕ್ಕೆ ಚುಚ್ಚಿದಿರಾ? ಚುಚ್ಚಬೇಡಿ. ಗಾಳದ ಹಿಂದೆ ಕೂದಲಿನಷ್ಟು ತೆಳುವಾದ ತುಂಡು ದಾರ ಬಿಟ್ಟು, ಅದಕ್ಕೆ ಪೋಣಿಸಿ. ಗಾಳ ಬರಿದಾಗಿರಲಿ. ಇಲ್ಲಿ ಹೇರ್ ರಿಗ್ ಅನ್ನುತ್ತಾರೆ.

ಹತ್ಮೀನು:

ನಾನು ತೀರ್ಥಹಳ್ಳಿ ಕಡೆಯವ. ಬಿಡುವುದಕ್ಕೆ ಹಿಡಿಯುವುದು ಅಂದರೆ ನನಗೆ ಇನ್ನೂ ಅರ್ಥ ಆಗಿಲ್ಲ ಮಾರಾಯ್ರೇ. ಆದರೆ ಆ ಜಾಗದ ವರ್ಣನೆ ಅರ್ಥ ಆಯಿತು. ನಮ್ಮಲ್ಲೂ ಒಂದು ಗುಂಡಿ ಇತ್ತು. ಹೊಳೆ ಬಂಡೆಗೆ ಹೊಡೆದು ತಿರುಗುವ ಜಾಗ, ಮೇಲೆ ಹೊನ್ನೆ ಮರ. ಅಜ್ಜ ಅಲ್ಲಿ ಮಾತಾಡಲು ಬಿಡುತ್ತಿರಲಿಲ್ಲ. ಬೀಡಿ ಸೇದಲೂ ಬಿಡುತ್ತಿರಲಿಲ್ಲ. ಮೀನಿಗೆ ವಾಸನೆ ಹೋಗುತ್ತದೆ ಅನ್ನುತ್ತಿದ್ದರು. ಆಮೇಲೆ ಗೊತ್ತಾಯಿತು, ನನ್ನ ಬೀಡಿ ಬಿಡಿಸುವುದಕ್ಕೆ ಹೇಳಿದ್ದು.

1878ರ ಕಾನೂನು ನಮ್ಮೂರಲ್ಲಿ ತಂದರೆ ಗಲಾಟೆ ಆಗುತ್ತದೆ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತದಲ್ಲ, ಅದು ಮೊಟ್ಟೆ ಇಡುವುದಕ್ಕೇ ಹತ್ತುವುದು. ನಾವು ಟಾರ್ಚ್ ಕತ್ತಿ ಹಿಡಿದು ಕಾಯುವುದೂ ಅವತ್ತೇ. ಹತ್ಮೀನು ಕಡಿಯದೆ ಎಂಥ ಮಳೆಗಾಲ? ನನ್ನ ಹೆಸರೇ ಅದು ನೋಡಿ.

ತುಂಗೆತೀರ:

ಹತ್ಮೀನು ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಹೊಟ್ಟೆ ತುಂಬ ಮೊಟ್ಟೆ ಇರುವುದನ್ನು ಕಡಿದು, ಆಮೇಲೆ "ಈಗ ಹೊಳೆಯಲ್ಲಿ ಮೀನೇ ಇಲ್ಲ" ಅನ್ನುವವರನ್ನು ನಾನು ತುಂಬ ನೋಡಿದ್ದೇನೆ. ನಮ್ಮ ಚಿಕ್ಕಪ್ಪನೂ ಅದರಲ್ಲಿ ಒಬ್ಬರು.

ಆದರೆ ನನ್ನ ಜಗಳ ಮಳೆಕೋಟು ಅವರ ಜೊತೆ. ನಾನು ಶೃಂಗೇರಿಯವಳು. ಮೀನು ತಿನ್ನುವುದಿಲ್ಲ, ಆದರೆ ತಿನ್ನುವವರ ಮೇಲೆ ಸಿಟ್ಟಿಲ್ಲ. ಹಸಿವು ಗೊತ್ತಾಗುತ್ತದೆ. ತಿನ್ನದವನು, ಸುಮ್ನೆ ಆಟಕ್ಕೆ ಅದರ ಬಾಯಿ ಚುಚ್ಚಿ, ಎಳೆದಾಡಿ, ಫೋಟೊ ತೆಗೆದು, "ಹೋಗು ಮಗಾ" ಅನ್ನುವುದು ಯಾವ ದಯೆ? ನಮ್ಮಲ್ಲಿ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದರೆ ಮೀನು ತಾವಾಗಿ ಬರುತ್ತವೆ. ನೋಡುವುದೇ ಖುಷಿ ಆದರೆ ಗಾಳ ಯಾಕೆ ಬೇಕು?

ಮಳೆಕೋಟು:

ಅಕ್ಕ, ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಸರಿಯಾದ ಉತ್ತರ ನನ್ನಲ್ಲಿ ಇಲ್ಲ. ಮುಳ್ಳಿನ ಹಿಂದೆ ಕೊಕ್ಕೆ ಇಲ್ಲದ ಗಾಳ ಬಳಸುತ್ತೇನೆ, ಬಲೆಯಲ್ಲಿ ನೀರಿನೊಳಗೇ ಬಿಡಿಸುತ್ತೇನೆ, ದಡಕ್ಕೆ ತಂದರೆ ಒದ್ದೆ ಚಾಪೆ ಮೇಲೆ ಮಲಗಿಸುತ್ತೇನೆ. ಬೇಸಿಗೆಯಲ್ಲಿ ನೀರು ಬಿಸಿಯಾದರೆ ಹೋಗುವುದೇ ಇಲ್ಲ. ಬಿಸಿ ನೀರಲ್ಲಿ ಉಸಿರು ಕಡಿಮೆ, ಬಿಟ್ಟ ಬಾರ್ಬೆಲ್ ಕೂಡ ಆಮೇಲೆ ಸಾಯಬಹುದು. ಇಷ್ಟೆಲ್ಲ ಮಾಡಿದರೂ ಅದಕ್ಕೆ ತೊಂದರೆ ಕೊಡುವುದಂತೂ ನಿಜ. ನನ್ನ ಖುಷಿಗೆ ಕೊಡುತ್ತಿದ್ದೇನೆ ಅಂತಲೂ ಗೊತ್ತು.

ಗಾಳ ಇಲ್ಲದೆ ಎರಡು ಸಲ ಹೋಗಿ ನೋಡಿದ್ದೇನೆ. ಅರ್ಧ ಗಂಟೆಗೆ ಎದ್ದು ಬಂದೆ. ಗಾಳ ಇದ್ದರೆ ಆರು ಗಂಟೆ ಕೂರುತ್ತೇನೆ. ಮಿಂಚುಳ್ಳಿ ಬಂದು ನನ್ನ ರಾಡ್ ತುದಿಯ ಮೇಲೇ ಕೂತದ್ದು ಆ ಐದನೇ ಗಂಟೆಯಲ್ಲಿ. ನೀರುನಾಯಿ ಕಂಡದ್ದೂ ಹಾಗೇ.

ತುಂಗೆತೀರ:

ಒಪ್ಪಲಿಲ್ಲ. ಆದರೆ ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ಥ್ಯಾಂಕ್ಸ್.

ಸಂಗಮದವನು:

ಯಾರೋ ರಾಗಿ ಉಂಡೆ ಕೇಳಿದ್ದರು, ಎಲ್ಲರೂ ಧರ್ಮಶಾಸ್ತ್ರಕ್ಕೆ ಹೋಗಿದ್ದೀರಿ.

ಗುರು, ನಾನು ಕನಕಪುರ ತಾಲ್ಲೂಕು, ಸಂಗಮದ ಹತ್ತಿರದ ಊರಿನವನು. ನಮ್ಮ ಚಿಕ್ಕಪ್ಪ ಕಾವೇರಿಯಲ್ಲಿ ಗಾಳದ ಕ್ಯಾಂಪಿಗೆ ಗೈಡ್ ಆಗಿದ್ದರು. ಬಿಳಿಯರು ಬರುತ್ತಿದ್ದರು, ಇವರು ತೆಪ್ಪ ಹಾಕುತ್ತಿದ್ದರು. ಉಂಡೆ ಮಾಡುವುದು ಚಿಕ್ಕಪ್ಪನ ಕೆಲಸ. ಅವರನ್ನು ಕೇಳಿ ಬರೆಯುತ್ತಿದ್ದೇನೆ.

ಮುದ್ದೆ ತೊಳಸಿದ್ದೇ ತಪ್ಪು. ಮುದ್ದೆ ಆಗುವುದೇ ನುಂಗುವುದಕ್ಕೆ, ನಿಲ್ಲುವುದಕ್ಕಲ್ಲ. ಹಿಟ್ಟನ್ನು ತಣ್ಣೀರಲ್ಲಿ ಗಟ್ಟಿಯಾಗಿ ಕಲಸಿ. ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಡಿ. ಹತ್ತು ಹದಿನೈದು ನಿಮಿಷ ಬೇಯಲಿ. ಹೊರಗೆ ಬೆಂದಿರಬೇಕು, ಒಳಗೆ ಹಸಿ ಇರಬೇಕು. ತೆಗೆದು ಬಿಸಿಯಲ್ಲೇ ಒಡೆದು, ಕೈಗೆ ನೀರು ಮುಟ್ಟಿಸಿಕೊಂಡು ನಾದಿ. ಕೈ ಸುಡುತ್ತದೆ, ಸುಡಲಿ. ಬೆಂದದ್ದೂ ಹಸಿಯದೂ ಸೇರಿ ರಬ್ಬರಿನ ಹಾಗೆ ಜಗ್ಗುತ್ತದೆ. ಮತ್ತೆ ಉಂಡೆ ಕಟ್ಟಿ ಇನ್ನೊಮ್ಮೆ ಕುದಿಸಿ. ಗೋಡೆಗೆ ಹೊಡೆದರೆ ಒಡೆಯಬಾರದು. ನಿಂಬೆಹಣ್ಣಿನ ಗಾತ್ರ ಮಾಡಿ. ದಾರಕ್ಕೆ ಪೋಣಿಸುವುದು ಗೀಣಿಸುವುದು ಬೇಡ, ಗಾಳದ ಸುತ್ತ ಮೆತ್ತಿ, ಮುಳ್ಳಿನ ತುದಿ ಮಾತ್ರ ಹೊರಗೆ ಇರಲಿ.

ಅಂಗಡಿ ಹಿಟ್ಟು ಹಳೆಯದಾಗಿದ್ದರೆ ಜಿಗುಟು ಬರುವುದಿಲ್ಲ. ಸ್ವಲ್ಪ ಗೋಧಿ ಹಿಟ್ಟು ಸೇರಿಸಿ. ಚಿಕ್ಕಪ್ಪನಿಗೆ ಹೇಳಬೇಡಿ, ಇದು ನನ್ನ ಮಾತು.

ಬೆಂಡು ಮುಳುಗಿತು:

ನಿಂಬೆಹಣ್ಣಿನ ಗಾತ್ರ ಬಾರ್ಬೆಲ್‌ಗೆ ದೊಡ್ಡದಾಯಿತು. ಗೋಲಿ ಗಾತ್ರ ಸಾಕು.

ಸಂಗಮದವನು:

ನೀವು ಹಿಡಿಯುವುದು ಮೀನೋ, ಮೀನಿನ ಮರಿಯೋ?

ಮೀಸೆ ಮೀನು:

ಇಬ್ಬರ ಜಗಳದಲ್ಲಿ ಒಂದು ವಿಷಯ. ಬಾರ್ಬೆಲ್ ಮತ್ತು ಮಹಶೀರ್ ಎರಡೂ ಒಂದೇ ಕುಟುಂಬ. ನಮ್ಮ ಗೆಂಡೆ, ಕಾಟ್ಲಾ, ರೋಹು ಎಲ್ಲ ಆ ದೊಡ್ಡ ಮನೆಯವೇ. ಎರಡಕ್ಕೂ ಮೀಸೆ ಇದೆ, ಎರಡೂ ಹರಿಯುವ ನೀರಿನ ತಳದಲ್ಲಿ ಮೂತಿ ಹಾಕಿ ಹುಡುಕಿ ತಿನ್ನುತ್ತವೆ. ಹಾಗಾಗಿ ರಾಗಿ ಉಂಡೆ ಯೋಚನೆ ಹುಚ್ಚಲ್ಲ. ಗಾತ್ರದಲ್ಲಿ ಮಾತ್ರ ಹೋಲಿಕೆ ಇಲ್ಲ. 1946ರಲ್ಲಿ ಕಬಿನಿಯಲ್ಲಿ, ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆಜಿ. ಸತ್ತ ಹುಲಿಯ ಚರ್ಮವನ್ನು ಜೀವಂತ ಹುಲಿಯ ಹಾಗೆ ನಿಲ್ಲಿಸುತ್ತಿದ್ದರಲ್ಲ, ಅದೇ ಮನೆಯವರು.

ಇನ್ನೂ ಒಂದು ಹೋಲಿಕೆ ಇದೆ, ಅದು ಅಷ್ಟು ಖುಷಿಯದಲ್ಲ. ವೈ ನದಿಗೆ ಬಾರ್ಬೆಲ್ ಮೂಲದ್ದಲ್ಲ. ಅದು ಥೇಮ್ಸ್, ಟ್ರೆಂಟ್ ಥರ ಪೂರ್ವಕ್ಕೆ ಹರಿಯುವ ಹೊಳೆಗಳ ಮೀನು. 1956ರಲ್ಲಿ ಕೆನೆಟ್‌ನಿಂದ 509 ಬಾರ್ಬೆಲ್ ತಂದು ಸೆವರ್ನ್‌ಗೆ ಬಿಟ್ಟರು. ವೈಗೂ ಅದು ಹೊರಗಿನಿಂದ ಬಂದದ್ದೇ. ಗಾಳದವರಿಗೆ ಖುಷಿ ಆಯಿತು. ನಮ್ಮಲ್ಲಿ 1970ರ ದಶಕದಿಂದ ಲೋನಾವಳದ ಮರಿಕೇಂದ್ರದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಅದೂ ಒಳ್ಳೆಯ ಉದ್ದೇಶದಿಂದಲೇ. ಅದು ಹೆಚ್ಚುತ್ತಾ ಬಂತು, ಕಾವೇರಿಯ ಸ್ವಂತ ಗೂನು ಬೆನ್ನಿನ ಮಹಶೀರ್ ಕಾಣೆಯಾಗುತ್ತಾ ಬಂತು. ಮರಳು ತೆಗೆಯುವುದು, ಅಣೆಕಟ್ಟು, ನೀರಲ್ಲಿ ತೋಟೆ ಸಿಡಿಸಿ ಮೀನು ಕೊಲ್ಲುವುದು ಎಲ್ಲ ಸೇರಿತು. ವಿಚಿತ್ರ ಏನೆಂದರೆ, ಜಗತ್ತಿಗೆಲ್ಲ ಹೆಸರಾಗಿದ್ದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ತೀರ್ಮಾನ ಆದದ್ದು 2018ರಲ್ಲಿ. ಟಾರ್ ರೆಮಾದೇವಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಸಂಗಮದವನು:

ಮೀಸೆ ಸಾರ್ ಹೇಳಿದ್ದು ಸರಿ. ಚಿಕ್ಕಪ್ಪನೂ ಅದೇ ಅನ್ನುತ್ತಾರೆ, ಗೂನು ಬೆನ್ನಿನದು ನೋಡಿ ಎಷ್ಟೋ ವರ್ಷ ಆಯಿತು ಅಂತ. ಅವರು ಗೈಡ್ ಆಗುವ ಮೊದಲು ಏನು ಮಾಡುತ್ತಿದ್ದರು ಅಂತ ಕೇಳಬೇಡಿ. ತೋಟೆ ಹಾಕುತ್ತಿದ್ದರು. ಕ್ಯಾಂಪಿನವರು ಕೆಲಸ ಕೊಟ್ಟ ಮೇಲೆ ಬೇರೆಯವರು ತೋಟೆ ಹಾಕದ ಹಾಗೆ ರಾತ್ರಿ ಕಾಯುತ್ತಿದ್ದರು. ಮೀನು ಜೀವಂತ ಇದ್ದರೆ ಇವರಿಗೆ ಸಂಬಳ. ಆಮೇಲೆ ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ ಅಂತಾಯಿತು. ಕಾನೂನು ಕಾನೂನೇ, ಕಾಡುಪ್ರಾಣಿಗೆ ಒಂದು, ಮೀನಿಗೆ ಒಂದು ಇರುವುದಿಲ್ಲ. ಆದರೆ ಕಾಯುವವರ ಕೆಲಸ ಹೋಯಿತು. ತುಂಗೆತೀರ ಅಕ್ಕನಿಗೆ ನನ್ನ ಕಡೆಯಿಂದ ಇಷ್ಟೇ ಉತ್ತರ.

ತುಂಗೆತೀರ:

ಇದು ಗಟ್ಟಿ ಮಾತು. ನಮ್ಮ ದೇವರ ಮೀನೂ ಹಾಗೇ, ಯಾರಾದರೂ ನೋಡುತ್ತಿರುವವರೆಗೆ ಮಾತ್ರ ಉಳಿಯುತ್ತದೆ. ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ, ದೇವಸ್ಥಾನದ ಮುಂದೆ ಮೀನು ರಾಶಿ ರಾಶಿ ಸತ್ತವು. ದೇವರ ಹೆಸರೂ ಕಾಯಲಿಲ್ಲ.

ಹತ್ಮೀನು:

ನಮ್ಮ ಆ ಗುಂಡಿಯೂ ಹೋಯಿತು. ವಿಷ ಅಲ್ಲ, ಮರಳು. ಲಾರಿ ಬರಲು ದಾರಿ ಮಾಡಿದರು, ಹೊನ್ನೆ ಮರ ಕಡಿದರು. ಈಗ ಅಲ್ಲಿ ಮೊಣಕಾಲು ನೀರು. ಜಾಗ ಹೇಳುವುದಿಲ್ಲ ಅಂದಿರಲ್ಲ ಮಳೆಕೋಟು, ಹೇಳಲೇಬೇಡಿ.

ಮಳೆಕೋಟು:

ಹೇಳುವುದಿಲ್ಲ. ಆದರೆ ವೈ ಕೂಡ ಚೆನ್ನಾಗಿಲ್ಲ, ಅದನ್ನು ಮುಚ್ಚಿಡುವುದು ತಪ್ಪು. ಈ ಕಣಿವೆಯ ತುಂಬ ಕೋಳಿ ಶೆಡ್‌ಗಳು. ಗೊಬ್ಬರ ಹೊಲಕ್ಕೆ, ಹೊಲದಿಂದ ಹೊಳೆಗೆ. ರಂಜಕ ಜಾಸ್ತಿಯಾಗಿ ಬೇಸಿಗೆಯಲ್ಲಿ ನೀರು ಬಟಾಣಿ ಸೂಪಿನ ಹಾಗೆ ಹಸಿರು. ಬಿಳಿ ಹೂ ಬಿಡುವ ನೀರುಗಿಡ ಎಷ್ಟೋ ಕಡೆ ಹೋಗಿಬಿಟ್ಟಿದೆ. 2023ರಲ್ಲಿ ಹೊಳೆಯ ಸ್ಥಿತಿ ಹದಗೆಡುತ್ತಿದೆ ಅಂತ ಇಲ್ಲಿಯ ಪ್ರಕೃತಿ ಇಲಾಖೆಯೇ ದರ್ಜೆ ಇಳಿಸಿತು. ನೀರಿನ ಮಾದರಿ ತೆಗೆದು ಪರೀಕ್ಷೆ ಮಾಡುವವರಲ್ಲಿ ಗಾಳದವರೂ ಇದ್ದಾರೆ. ನಾನೂ ತಿಂಗಳಿಗೊಮ್ಮೆ ಸೀಸೆ ತುಂಬಿ ಕೊಡುತ್ತೇನೆ.

ಸಂಗಮದವನು, ನಿಮ್ಮ ವಿಧಾನದಲ್ಲಿ ಉಂಡೆ ಮಾಡಿದೆ. ಗೋಡೆಗೆ ಹೊಡೆದೆ, ಒಡೆಯಲಿಲ್ಲ. ಗೋಡೆ ಕಪ್ಪಾಯಿತು. ಶನಿವಾರ ಹೋಗುತ್ತಿದ್ದೇನೆ.

ಬೆಂಡು ಮುಳುಗಿತು:

ಭಾರಕ್ಕೆ ಏನು ಹಾಕುತ್ತೀರಿ? ಊರಿಂದ ಸೀಸದ ಗುಂಡು ತಂದಿದ್ದರೆ ಹೊರಗೆ ತೆಗೆಯಬೇಡಿ. ಹಂಸಗಳು ಕಲ್ಲೆಂದು ನುಂಗಿ ಸಾಯುತ್ತಿದ್ದವು. 1987ರಿಂದ ಚಿಕ್ಕ ಸೀಸ ನಿಷೇಧ.

ಮಳೆಕೋಟು:

ಗೊತ್ತು, ಫೀಡರ್ ಹಾಕುತ್ತೇನೆ, ಅಂದರೆ ಮೇವು ತುಂಬುವ ಭಾರದ ತೂತು ಡಬ್ಬಿ. ಅದರಲ್ಲಿ ಬೇಯಿಸಿದ ಹೆಂಪ್ ಬೀಜ. ಹೌದು, ಗಾಂಜಾ ಜಾತಿಯದೇ. ಅಮಲು ಬರುವುದಿಲ್ಲ. ಸಾರುಭಕ್ತರು ಕೇಳುವ ಮೊದಲೇ ಹೇಳಿದೆ.

ಸಾರುಭಕ್ತ:

ನಾನು ಏನೂ ಕೇಳಲಿಲ್ಲ. ಬೆಲೆ ಎಷ್ಟು?

ಮಳೆಕೋಟು:

ಶನಿವಾರದ ವರದಿ. ಸ್ವಲ್ಪ ಉದ್ದ ಇದೆ.

ಶುಕ್ರವಾರ ಬೆಟ್ಟದಲ್ಲಿ ಮಳೆ ಬಿದ್ದಿತ್ತು. ನೀರು ಒಂದು ಅಡಿ ಏರಿ, ಹಾಲು ಜಾಸ್ತಿ ಹಾಕಿದ ಟೀ ಬಣ್ಣ. ಬಾರ್ಬೆಲ್‌ಗೆ ಒಳ್ಳೆಯದು. ಹನ್ನೊಂದು ಗಂಟೆಗೆ ಕೂತೆ. ಎರಡು ಗಾತ್ರದ ಉಂಡೆ ಇತ್ತು, ಗೋಲಿ ಮತ್ತು ನಿಂಬೆಹಣ್ಣು. ಇಬ್ಬರನ್ನೂ ನೋಯಿಸುವುದು ಬೇಡ ಅಂತ. ಗೋಲಿ ಹಾಕಿದೆ. ಇಪ್ಪತ್ತು ನಿಮಿಷ ಬಿಟ್ಟು ಎಳೆದು ನೋಡಿದೆ, ಉಂಡೆ ಹಾಗೇ ಇದೆ! ಮೀನು ಸಿಕ್ಕಿದಷ್ಟೇ ಖುಷಿಯಾಯಿತು.

ಒಂದು ಗಂಟೆಗೆ ಚಬ್. ಒಂದೂವರೆ ಕೆಜಿ ಇರಬಹುದು. ಅಗಲ ಬಾಯಿ, ಏನು ಕೊಟ್ಟರೂ ತಿನ್ನುವ ಮೀನು. ಅದನ್ನು ಲೆಕ್ಕಕ್ಕೆ ಇಡಬೇಡಿ.

ಮೂರು ಗಂಟೆಗೆ ಬೇಲಿಫ್ ಬಂದ. ಲೈಸೆನ್ಸ್ ನೋಡುವವನು, ವಯಸ್ಸಾದವನು, ಜೊತೆಗೆ ನಾಯಿ. ಅಷ್ಟು ದೂರ ಅವನು ನಡೆದು ಬಂದದ್ದೇ ಆಶ್ಚರ್ಯ. ಲೈಸೆನ್ಸ್, ಟಿಕೆಟ್ ಎರಡೂ ನೋಡಿದ. ಡಬ್ಬಿ ನೋಡಿ "ಇದೇನು, ಕಲ್ಲಾ?" ಎಂದ. ಧಾನ್ಯ, ನಮ್ಮ ಕಡೆ ದಿನಾ ಉಣ್ಣುತ್ತೇವೆ ಅಂದೆ. ಒಂದು ಉಂಡೆ ತೆಗೆದುಕೊಂಡು ಒತ್ತಿ ನೋಡಿದ, ಮೂಸಿದ, ನಾಯಿಗೆ ಹಾಕಿದ. ನಾಯಿ ಸ್ವಲ್ಪ ಹೊತ್ತು ಜಗಿದು ಹುಲ್ಲಿನ ಮೇಲೆ ಇಟ್ಟಿತು. "ನಾಯಿಯೇ ತಿನ್ನಲಿಲ್ಲ" ಅಂದು ಅವನು ಹೋದ.

ಐದೂವರೆ ಹೊತ್ತಿಗೆ ಬೆಳಕು ಇಳಿಯತೊಡಗಿತು. ಸರಿ, ಕೊನೆಗೊಮ್ಮೆ ಅಂತ ನಿಂಬೆಹಣ್ಣು ಮೆತ್ತಿ, ವಿಲೋ ಮರದ ಪಕ್ಕಕ್ಕೆ ಎಸೆದೆ. ದಾರಕ್ಕೆ ಪೋಣಿಸಲಿಲ್ಲ, ಚಿಕ್ಕಪ್ಪ ಹೇಳಿದ ಹಾಗೇ. ಫ್ಲಾಸ್ಕ್ ಮುಚ್ಚಳ ತಿರುಗಿಸುತ್ತಿದ್ದೆ. ರಾಡ್ ಬಾಗಿ ಸ್ಟ್ಯಾಂಡಿನಿಂದ ಜಾರಿತು. ಚಹಾ ಚೆಲ್ಲಿತು, ಹಿಡಿದೆ. ಅದು ಮೇಲೆ ಬರಲೇ ಇಲ್ಲ, ತಳ ಕಚ್ಚಿಕೊಂಡು ಹೊಳೆಯ ಮಧ್ಯಕ್ಕೆ ಹೋಗಿ ನಿಂತುಬಿಟ್ಟಿತು. ಹಟ ಹಿಡಿದ ಎಮ್ಮೆಯ ಹಗ್ಗ ಎಳೆದ ಹಾಗೆ. ಹತ್ತು ನಿಮಿಷ ಆಯಿತೇನೋ. ಬಲೆಗೆ ಬಂತು. ಏಳು ಪೌಂಡ್, ಅಂದರೆ ಮೂರು ಕೆಜಿ ಮೇಲೆ. ತಾಮ್ರದ ಬಣ್ಣ, ಕಿತ್ತಳೆ ರೆಕ್ಕೆ. ಬಾಯಿಯ ಸುತ್ತ ರಾಗಿ.

ಬಾರ್ಬೆಲ್ ಬಿಟ್ಟ ತಕ್ಷಣ ಹೋಗುವುದಿಲ್ಲ. ಅದು ಪೂರ್ತಿ ಸೋತುಹೋಗುವವರೆಗೆ ಎಳೆದಾಡುತ್ತದೆ. ಹೊಳೆ ಹರಿದು ಬರುವ ಕಡೆಗೆ ಮುಖ ಮಾಡಿ, ನೆಟ್ಟಗೆ ಹಿಡಿದುಕೊಂಡಿರಬೇಕು, ಉಸಿರು ತಿರುಗುವವರೆಗೆ. ಮೊಣಕಾಲು ನೀರಲ್ಲಿ ಐದಾರು ನಿಮಿಷ ಹಿಡಿದು ನಿಂತೆ. ಅಕ್ಕ, ಆಗ ನಿಮ್ಮ ಪ್ರಶ್ನೆ ನೆನಪಿತ್ತು. ಕೈಯೊಳಗೆ ಅದರ ಮೈ ನಿಧಾನಕ್ಕೆ ಬಿಗಿಯಾಯಿತು. ಒಂದು ಸಲ ಬಾಲ ಹೊಡೆದು ಹೋಯಿತು. ನನ್ನ ಮುಖಕ್ಕೆಲ್ಲ ನೀರು.

ಸಿಗ್ನಲ್ ಇರುವ ಕಡೆ ಬಂದು ಅಪ್ಪನಿಗೆ ಫೋನ್ ಮಾಡಬೇಕು ಅನ್ನಿಸಿತು. ಅಲ್ಲಿ ಆಗಲೇ ರಾತ್ರಿ ಹನ್ನೊಂದಾಗಿತ್ತು, ಮಲಗಿರುತ್ತಾರೆ. ಬೆಳಿಗ್ಗೆ ಮಾಡಿದೆ. "ಬಿಟ್ಟೆಯಾ? ಸರಿ. ಮುದ್ದೆಯಾದರೂ ಉಳಿದಿತ್ತಾ?" ಎಂದರು.

ತುಂಗೆತೀರ:

ಈಗಲೂ ಒಪ್ಪುವುದಿಲ್ಲ. ಆದರೆ ಪೂರ್ತಿ ಓದಿದೆ.

ಸಂಗಮದವನು:

ಗುರು, ಮೀಸೆ ಎಷ್ಟು ಇದ್ದವು?

ಮಳೆಕೋಟು:

ನಾಲ್ಕು. ಮೂತಿ ತುದಿಯಲ್ಲಿ ಎರಡು, ಬಾಯಿ ಮೂಲೆಯಲ್ಲಿ ಎರಡು.

ಸಂಗಮದವನು:

ಹಾಗಾದರೆ ನಮ್ಮದರ ಥರವೇ. ಚಿಕ್ಕಪ್ಪನಿಗೆ ನಿಮ್ಮ ಮೀನಿನ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡ ಉಂಡೆ ಯಾಕೆ ಹಾಕಿದ?" ಎಂದರು.